ಯಂತ್ರಕ್ಕೆ ಮೊದಲು ನಾಲ್ಕು ಹನಿ ನೀರು

ಮರದ ನೆಲ ಮಂಕಾಯಿತು, ಉಜ್ಜುವ ಯಂತ್ರ ಬಾಡಿಗೆಗೆ ತರುತ್ತೇನೆ ಎಂದು ಯಾರಾದರೂ ಹೊರಟರೆ ನಾನು ಮೊದಲು ಒಂದು ಲೋಟ ನೀರು ತರಲು ಹೇಳುತ್ತೇನೆ. ಓಡಾಟ ಹೆಚ್ಚಿರುವ ಕಡೆ ನಾಲ್ಕು ಹನಿ ಬೀಳಿಸಿ, ಐದು ನಿಮಿಷ ಸುಮ್ಮನಿರಿ. ಹನಿಗಳು ತಾವರೆ ಎಲೆಯ ಮೇಲಿನಂತೆ ಮಣಿಯಾಗಿ ನಿಂತರೆ ಹಳೆಯ ಲೇಪ ಇನ್ನೂ ಗಟ್ಟಿಯಾಗಿದೆ ಎಂದರ್ಥ. ಅಂಥ ನೆಲದ ಹೊಳಪನ್ನಷ್ಟೇ ನಯವಾದ ಉಜ್ಜುಕಾಗದದಿಂದ (ಸ್ಯಾಂಡ್‌ಪೇಪರ್) ಮುರಿದು, ಧೂಳು ಒರೆಸಿ, ಮೇಲೊಂದು ಹೊಸ ಕೋಟ್ ಬಳಿದರೆ ಸಾಕು. ಮೇಣ ತಿಕ್ಕಿದ ನೆಲಕ್ಕೆ ಮಾತ್ರ ಈ ಉಪಾಯ ನಡೆಯದು, ಮೇಣದ ಮೇಲೆ ಲೇಪ ಹಿಡಿಯುವುದಿಲ್ಲ. ನೀರು ಇಂಗಿ ಮರ ಕಪ್ಪಾಯಿತೋ, ಆಗ ಯಂತ್ರದ ಮಾತು.

ನನ್ನ ಈ ಜಿಪುಣತನಕ್ಕೆ ಕಾರಣವಿದೆ. ಪೂರ್ತಿ ಉಜ್ಜಿದಾಗಲೆಲ್ಲ ಹಲಗೆ ತೆಳುವಾಗುತ್ತದೆ. ಹೆರೆದ ಮರ ಮತ್ತೆ ಬೆಳೆಯುವುದಿಲ್ಲ. ಅಖಂಡ ಮರದ ಹಲಗೆ ಹಲವು ಸಲ ತಡೆದೀತು. ಪದರಗಳನ್ನು ಅಂಟಿಸಿ ಮಾಡಿದ ಹಲಗೆಯಲ್ಲಿ ಮೇಲಿನ ಅಸಲಿ ಮರ ಒಂದೆರಡು ಮಿಲಿಮೀಟರ್ ಮಾತ್ರ ಇದ್ದರೆ ದೊಡ್ಡ ಯಂತ್ರ ಅದನ್ನು ಸವೆಸಿ ಕೆಳಗಿನ ಪ್ಲೈವುಡ್ ತೋರಿಸಿಬಿಡುತ್ತದೆ. ಲ್ಯಾಮಿನೇಟ್ ಆದರೆ ಅಲ್ಲಿರುವುದು ಮರದ ಚಿತ್ರವಷ್ಟೇ, ಅದನ್ನು ಮುಟ್ಟಲೇಬೇಡಿ. ಬಾಗಿಲ ಬಳಿಯ ಪಟ್ಟಿಯನ್ನು ಬಿಚ್ಚಿ ಹಲಗೆಯ ಅಂಚನ್ನು ನೋಡಿದರೆ ನಿಮ್ಮದು ಯಾವುದೆಂದು ತಿಳಿಯುತ್ತದೆ. ಬಹಳ ಹಳೆಯ ಮನೆಯಲ್ಲಿ ನೆಲಕ್ಕೆ ಬಣ್ಣ ಬಳಿದಿದ್ದರೆ ಅದರಲ್ಲಿ ಸೀಸ ಇರಬಹುದು. ಪರೀಕ್ಷೆ ಮಾಡಿಸದೆ ಅದನ್ನು ಧೂಳು ಮಾಡಬಾರದು.

ಕೋಣೆ ಖಾಲಿ ಮಾಡಿದ ಮೇಲೆ ಅಂಗೈಯಿಂದ ನೆಲವನ್ನೆಲ್ಲ ಸವರಿ ಮೊಳೆತಲೆಗಳನ್ನು ಹುಡುಕಿ. ಸಿಕ್ಕಿದ್ದನ್ನೆಲ್ಲ ಮೊಳೆ ಇಳಿಸುವ ಉಳಿಯಿಂದ ಎರಡು ಮೂರು ಮಿಲಿಮೀಟರ್ ಒಳಗೆ ತಳ್ಳಬೇಕು. ಮೇಲೆ ಉಳಿದ ಒಂದೇ ಮೊಳೆ ಕಾಗದವನ್ನು ಹರಿಯುತ್ತದೆ, ಕಿಡಿಯನ್ನೂ ಹಾರಿಸುತ್ತದೆ. ಒಣ ಮರದ ಹಿಟ್ಟು ತುಂಬಿದ ಯಂತ್ರದ ಚೀಲದೊಳಗೆ ಆ ಕಿಡಿ ಹೋದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಸಂಜೆ ಚೀಲವನ್ನು ಹಾಗೆಯೇ ಮನೆಯೊಳಗೆ ಬಿಟ್ಟು ಮಲಗಬೇಡಿ, ಹೊರಗೆ ಖಾಲಿ ಮಾಡಿ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಸಾಲದು. ಗಟ್ಟಿ ಮರದ ಧೂಳು ಕ್ಯಾನ್ಸರ್‌ಕಾರಕ, ಸರಿಯಾದ ಮಾಸ್ಕ್ ಬೇಕು.

ಈಗ ಕಾಗದದ ಲೆಕ್ಕ. ನಂಬರ್ ಕಡಿಮೆಯಾದಷ್ಟೂ ಒರಟು. ನೆಲ ತೀರ ಏರುಪೇರಾಗಿದ್ದರೆ 40ರಿಂದ, ಸಮನಾಗಿದ್ದರೆ 60ರಿಂದ ಶುರುಮಾಡಿ 80, ಆಮೇಲೆ 100 ಅಥವಾ 120ಕ್ಕೆ ಬನ್ನಿ. 40ರಿಂದ ನೇರವಾಗಿ 100ಕ್ಕೆ ಹಾರಿದರೆ ಸಮಯ ಉಳಿಯಿತೆಂದು ಅನ್ನಿಸುತ್ತದೆ. ಒರಟು ಕಾಗದದ ಗೀರುಗಳನ್ನು ನಯ ಕಾಗದ ಅಳಿಸಲಾರದು, ಅವು ಅಲ್ಲೇ ಅಡಗಿ ಕುಳಿತಿರುತ್ತವೆ. ವಾರ್ನಿಷ್ ಬಿದ್ದ ಕೂಡಲೇ ಎದ್ದು ಕಾಣುತ್ತವೆ. ಪ್ರತಿ ನಂಬರ್ ಮುಗಿದಾಗಲೂ ಧೂಳನ್ನು ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆಯಿರಿ. ಹಿಂದಿನ ಕಾಗದದಿಂದ ಉದುರಿದ ಒಂದು ಕಣ ಉಳಿದರೂ ಅದು ಮುಂದಿನ ಸುತ್ತಿನಲ್ಲಿ ನೆಲವನ್ನು ಗೀಚುತ್ತದೆ. ನಾನು ಪ್ರತಿ ಸುತ್ತಿಗೂ ಮುನ್ನ ಪೆನ್ಸಿಲ್ಲಿನಿಂದ ನೆಲದ ಮೇಲೆ ಅಡ್ಡಾದಿಡ್ಡಿ ಗೆರೆ ಎಳೆಯುತ್ತೇನೆ. ಗೆರೆ ಉಳಿದ ಜಾಗಕ್ಕೆ ಕಾಗದ ತಾಗಿಲ್ಲ. ಕತ್ತಲಾದ ಮೇಲೆ ಟಾರ್ಚನ್ನು ನೆಲಕ್ಕೆ ತಾಗುವಂತೆ ಮಲಗಿಸಿ ಹಿಡಿದರೆ ಉಳಿದ ಕಳ್ಳಗೀರುಗಳೂ ಸಿಕ್ಕಿಬೀಳುತ್ತವೆ.

ಉರುಳೆ ತಿರುಗುವ ದೊಡ್ಡ ಯಂತ್ರಕ್ಕೆ ಒಂದೇ ನಿಯಮ: ನೀವು ನಡೆಯುತ್ತಿರುವಾಗಲೇ ಉರುಳೆ ನೆಲಕ್ಕೆ ಇಳಿಯಬೇಕು, ನಡೆಯುತ್ತಿರುವಾಗಲೇ ಮೇಲೇಳಬೇಕು. ಮೊದಲ ಸಲ ನಾನು ಹಿಡಿದಾಗ ಯಾರೋ ಕರೆದರೆಂದು ತಿರುಗಿ ನೋಡುತ್ತಾ ನಿಂತೆ. ಎರಡು ಕ್ಷಣವಿರಬಹುದು. ಕೋಣೆಯ ನಟ್ಟನಡುವೆ ಒಂದು ಹಳ್ಳ ಬಿತ್ತು. ಅದನ್ನು ಸರಿ ಮಾಡಬೇಕಾದರೆ ಇಡೀ ನೆಲವನ್ನೇ ಅಷ್ಟು ತಗ್ಗಿಸಬೇಕಿತ್ತು, ಬಿಟ್ಟುಬಿಟ್ಟೆ. ಇಳಿಬಿಸಿಲಿನಲ್ಲಿ ಅದು ಈಗಲೂ ನನ್ನನ್ನು ನೋಡುತ್ತದೆ. ಮರದ ಎಳೆ ಓಡಿದ ದಿಕ್ಕಿನಲ್ಲೇ ನಡೆಯಿರಿ, ಪ್ರತಿ ಪಟ್ಟಿಯೂ ಹಿಂದಿನದರ ಅರ್ಧವನ್ನು ಹೊದೆಯಲಿ. ಗೋಡೆಯಂಚಿಗೆ ಚಿಕ್ಕ ಯಂತ್ರ, ಮೂಲೆಗೆ ಹೆರೆಯುವ ತಗಡು ಮತ್ತು ಮಂಡಿನೋವು.

ಹಲಗೆಗಳ ನಡುವಿನ ಸಂದುಗಳಿಗೆ ಪುಟ್ಟಿ ತುಂಬುವ ಆತುರ ಬೇಡ. ಒಣಹವೆಯಲ್ಲಿ ತೆರೆದು ತೇವದಲ್ಲಿ ಮುಚ್ಚುವ ಸಂದಿಗೆ ತುಂಬಿದ್ದು ಬಿರಿದು ಹೊರಗೇ ಬರುತ್ತದೆ. ಗುಳಿ, ಮೊಳೆತೂತುಗಳಿಗೆ ಅದೇ ನೆಲದ ನಯವಾದ ಹುಡಿಯನ್ನು ಅಂಟಿನ ದ್ರಾವಣದಲ್ಲಿ ಕಲಸಿ ಮೆತ್ತಿದರೆ ಬಣ್ಣ ಹೊಂದುತ್ತದೆ.

ಲೇಪಕ್ಕೆ ಪಾಲಿಯುರಿಥೇನ್ ಎಂಬ ಗಟ್ಟಿ ವಾರ್ನಿಷ್ ತರುವವರೇ ಹೆಚ್ಚು. ಎಣ್ಣೆ ಆಧಾರಿತವಾದದ್ದು ಮರಕ್ಕೆ ಜೇನುಬಣ್ಣ ಕೊಡುತ್ತದೆ. ವಾಸನೆ ಗಾಢ, ಕೋಟ್‌ಗಳ ನಡುವೆ ಸುಮಾರು ಒಂದು ದಿನ ಕಾಯಬೇಕು. ನೀರು ಆಧಾರಿತವಾದದ್ದು ಕೆಲವೇ ಗಂಟೆಗಳಲ್ಲಿ ಒಣಗುತ್ತದೆ, ಬಣ್ಣ ಬದಲಿಸುವುದಿಲ್ಲ. ನನಗೆ ಜೇನುಬಣ್ಣವೇ ಇಷ್ಟ, ಆದರೆ ಮಕ್ಕಳಿರುವ ಮನೆಗೆ ಎರಡನೆಯದನ್ನೇ ಹೇಳುತ್ತೇನೆ. ಡಬ್ಬಿಯನ್ನು ಕುಲುಕಬೇಡಿ, ಗುಳ್ಳೆ ಏಳುತ್ತದೆ. ಕೋಲಿನಿಂದ ನಿಧಾನವಾಗಿ ಕಲಕಿ. ಒಲೆ, ದೀಪ ಎಲ್ಲ ಆರಿಸಿ, ದೂರದ ಮೂಲೆಯಿಂದ ಬಾಗಿಲ ಕಡೆಗೆ ಬಳಿಯುತ್ತಾ ಬನ್ನಿ. ದಪ್ಪವಾಗಿ ಒಂದು ಬಳಿಯುವುದಕ್ಕಿಂತ ತೆಳುವಾಗಿ ಮೂರು ಬಳಿಯುವುದು ಲೇಸು. ನಡುವೆ 220 ನಂಬರ್ ಕಾಗದದಿಂದ ಹಗುರವಾಗಿ ಉಜ್ಜಿ ಒರೆಸಿ.

ಅಗಸೆಎಣ್ಣೆಯಂಥ ಒಣಗುವ ಎಣ್ಣೆ ಹಚ್ಚಿದ್ದರೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯಲೇಬಾರದು. ಒಣಗುತ್ತಾ ಅವು ತಾವಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುತ್ತವೆ. ಹೊರಗೆ ಒಂದೊಂದಾಗಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿಡಿ.

ಮರುದಿನ ಕೈಗೆ ಅಂಟದಿದ್ದರೂ ಲೇಪ ಇನ್ನೂ ಹಸಿಯೇ. ಕಾಲುಚೀಲದಲ್ಲಿ ಓಡಾಡಬಹುದು. ನೀರು ಆಧಾರಿತವಾದದ್ದು ಪೂರ್ತಿ ಗಟ್ಟಿಯಾಗಲು ಒಂದು ವಾರ ಬೇಕು, ಎಣ್ಣೆಯದು ತಿಂಗಳವರೆಗೂ ಎಳೆಯಬಹುದು. ಅಲ್ಲಿಯವರೆಗೆ ಜಮಖಾನೆ ಹಾಸಬೇಡಿ. ಕುರ್ಚಿ ಮೇಜುಗಳನ್ನು ಎಳೆಯದೆ ಎತ್ತಿ ತನ್ನಿ, ಕಾಲುಗಳಿಗೆ ಉಣ್ಣೆಬಟ್ಟೆಯ ತುಂಡು ಅಂಟಿಸಿ. ನಮ್ಮ ಮನೆಯ ದೊಡ್ಡ ಮೇಜು ಎಲ್ಲಿ ನಿಂತಿದೆ ಎಂದು ಬೇರೆ ಹೇಳಬೇಕಾಗಿಲ್ಲ.