ಮೊದಲ ಡ್ರೋನ್ ಕಟ್ಟುವಿರಾ? ರೇಡಿಯೊದಿಂದ ಶುರು ಮಾಡಿ

ಕ್ವಾಡ್‌ಕಾಪ್ಟರ್, ಅಂದರೆ ನಾಲ್ಕು ಪ್ರೊಪೆಲ್ಲರ್‌ನ ಡ್ರೋನ್ ಕಟ್ಟಲು ಹೊರಟವರು ಸಾಮಾನ್ಯವಾಗಿ ಮೊದಲು ಫ್ರೇಮ್ ಕೊಳ್ಳುತ್ತಾರೆ. ಕಣ್ಣಿಗೆ ಕಾಣುವುದು ಅದೇ ಅಲ್ವಾ. ಆಮೇಲೆ ಮೋಟಾರ್, ಬ್ಯಾಟರಿ. ಕೊನೆಗೆ ಉಳಿದ ದುಡ್ಡಿಗೆ ಸಿಕ್ಕಿದ ರೇಡಿಯೊ, ಅಂದರೆ ಡ್ರೋನನ್ನು ನಡೆಸುವ ಕೈ ರಿಮೋಟ್. ಇದು ಉಲ್ಟಾ ಲೆಕ್ಕ. ಡ್ರೋನ್ ಬೀಳುತ್ತದೆ, ಮುರಿಯುತ್ತದೆ, ಇನ್ನೊಂದು ಕಟ್ಟುತ್ತೀರಿ. ರೇಡಿಯೊ ಮಾತ್ರ ವರ್ಷಗಟ್ಟಲೆ ಕೈಯಲ್ಲಿರುತ್ತದೆ.

ಹಂತ 1: ರೇಡಿಯೊ

ಎಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟ್ ಡ್ರೋನ್‌ಗಳಲ್ಲಿ ಫ್ಲೈಸ್ಕೈ ಎಫ್‌ಎಸ್-ಐ6 ಜಾಸ್ತಿ ಕಾಣುತ್ತದೆ. ಅಗ್ಗ, ಕೆಲಸವೂ ಆಗುತ್ತದೆ. ಆದರೆ ಈಗ ಹೊಸದಾಗಿ ಕೊಳ್ಳುವವರಿಗೆ ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್, ಅಂದರೆ ಇಎಲ್‌ಆರ್‌ಎಸ್ ಇರುವ ರೇಡಿಯೊವೇ ಸರಿ. ಇದು ರೇಡಿಯೊಗೂ ಡ್ರೋನಿನಲ್ಲಿ ಕೂರುವ ರಿಸೀವರಿಗೂ ಸಂಪರ್ಕ ಕೊಡುವ ವ್ಯವಸ್ಥೆ, ಓಪನ್ ಸೋರ್ಸ್. ಹಲವು ಕಂಪನಿಗಳು ಇದರ ರಿಸೀವರ್ ಮಾಡುತ್ತವೆ, ದೂರಕ್ಕೂ ಸಿಗ್ನಲ್ ಗಟ್ಟಿ. ರೇಡಿಯೊಮಾಸ್ಟರ್ ಪಾಕೆಟ್ ಚಿಕ್ಕದು, ಬ್ಯಾಗಿಗೆ ಹಿಡಿಯುತ್ತದೆ. ಅದೇ ಕಂಪನಿಯ ಬಾಕ್ಸರ್ ಕೈ ತುಂಬಾ ಇರುತ್ತದೆ. ಯಾವುದಾದರೂ ಆದೀತು. ಆದರೆ ಒಂದೇ ಹೆಸರಿನಲ್ಲಿ ಬೇರೆ ಬೇರೆ ಮಾದರಿಗಳು ಬರುತ್ತವೆ. ಡಬ್ಬಿಯ ಮೇಲೆ ಇಎಲ್‌ಆರ್‌ಎಸ್ ಎಂದು ಇದೆಯೇ ನೋಡಿಕೊಳ್ಳಿ. ಬ್ಯಾಂಡ್ 2.4 ಗಿಗಾಹರ್ಟ್ಸ್ ಇರಲಿ. ಭಾರತದಲ್ಲಿ ಇದಕ್ಕೆ ಪ್ರತ್ಯೇಕ ಲೈಸೆನ್ಸ್ ಬೇಕಿಲ್ಲ. 915 ಮೆಗಾಹರ್ಟ್ಸ್‌ನ ಸೆಟ್ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ, ಅದು ಇಲ್ಲಿನ ಲೈಸೆನ್ಸ್-ಮುಕ್ತ ಬ್ಯಾಂಡ್ ಅಲ್ಲ. ಮೋಡ್ 2 ಕೇಳಿ. ಎಡಗೈ ಕೋಲಿನಲ್ಲಿ ಥ್ರಾಟಲ್, ಅಂದರೆ ಮೋಟಾರಿನ ವೇಗದ ಹಿಡಿತ, ಇರುವುದು ಅದೇ.

ಬಿಡಿಭಾಗಗಳು ಬರುವ ಮೊದಲೇ ರೇಡಿಯೊವನ್ನು ಯುಎಸ್‌ಬಿ ಕೇಬಲ್‌ನಿಂದ ಕಂಪ್ಯೂಟರಿಗೆ ಜೋಡಿಸಿ. ಲಿಫ್ಟ್‌ಆಫ್, ವೆಲೋಸಿಡ್ರೋನ್ ತರಹದ ಸಿಮ್ಯುಲೇಟರ್‌ಗಳಲ್ಲಿ ಕೈ ಪಳಗಿಸಿಕೊಳ್ಳಿ. ಅಲ್ಲಿ ನೂರು ಸಲ ಬಿದ್ದರೂ ಪುಕ್ಕಟೆ.

ಹಂತ 2: ಅಳತೆ ಮತ್ತು ಮೋಟಾರ್

ಕಾಲೇಜು ಪ್ರಾಜೆಕ್ಟಿನ ಎಫ್450 ಫ್ರೇಮ್, ಎ2212 ಮೋಟಾರ್ ಕಿಟ್ ನಿಧಾನವಾಗಿ ತೇಲಲು ಸಾಕು. ಚುರುಕಾಗಿ ಹಾರಿಸುವ ಆಸೆ ಇದ್ದರೆ 5 ಇಂಚಿನ ಪ್ರೊಪೆಲ್ಲರ್ ಹಿಡಿಸುವ ಕಾರ್ಬನ್ ಫೈಬರ್ ಫ್ರೇಮ್ ತೆಗೆದುಕೊಳ್ಳಿ. ಬಿಡಿಭಾಗ ಸುಲಭವಾಗಿ ಸಿಗುತ್ತವೆ. ಸೋಲ್ಡರ್ ಮಾಡುವ ಜಾಗಗಳೂ ದೊಡ್ಡದಾಗಿರುತ್ತವೆ.

ಮೋಟಾರ್ ಮೇಲೆ 2207 ಎಂದಿದ್ದರೆ ಒಳಗಿನ ಸ್ಟೇಟರ್ (ತಿರುಗದ, ಸುರುಳಿ ಸುತ್ತಿದ ಭಾಗ) 22 ಮಿ.ಮೀ. ಅಗಲ, 7 ಮಿ.ಮೀ. ಎತ್ತರ ಎಂದು ಅರ್ಥ. 5 ಇಂಚಿಗೆ ಇದು ಅಥವಾ 2306 ಸರಿಹೋಗುತ್ತದೆ. ಪಕ್ಕದಲ್ಲಿರುವ ಕೆವಿ ಸಂಖ್ಯೆಯನ್ನು ಜಾಸ್ತಿ ಇದ್ದಷ್ಟು ಒಳ್ಳೆಯದು ಎಂದುಕೊಳ್ಳುವವರು ಬಹಳ. ಹಾಗಲ್ಲ. ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ ಅದು, ಅದೂ ಪ್ರೊಪೆಲ್ಲರ್ ಹಾಕದೆ. ನಾಲ್ಕು ಸೆಲ್‌ನ ಬ್ಯಾಟರಿ, ಅಂದರೆ 4ಎಸ್, ಪೂರ್ತಿ ಚಾರ್ಜ್ ಆದಾಗ 16.8 ವೋಲ್ಟ್. 2500 ಕೆವಿ ಮೋಟಾರಿಗೆ ಅದರಿಂದ 42,000 ಸುತ್ತು. 6ಎಸ್ ಆದರೆ 25.2 ವೋಲ್ಟ್. 1700 ಕೆವಿ ಮೋಟಾರ್ ಅದರಲ್ಲಿ 42,840 ಸುತ್ತು ಹೊಡೆಯುತ್ತದೆ. ಹೆಚ್ಚು ಕಡಿಮೆ ಒಂದೇ. ಹಾಗಾಗಿ ಬ್ಯಾಟರಿ ಯಾವುದೆಂದು ತೀರ್ಮಾನಿಸಿ, ಆಮೇಲೆ ಕೆವಿ ನೋಡಿ. 2500 ಕೆವಿ ಮೋಟಾರಿಗೆ 6ಎಸ್ ಕೊಟ್ಟರೆ ಮೋಟಾರ್, ಅದರ ವೇಗ ನಿಯಂತ್ರಿಸುವ ಇಎಸ್‌ಸಿ ಎರಡೂ ಸುಡಬಹುದು.

ಹಂತ 3: ಸ್ಟ್ಯಾಕ್

ಡ್ರೋನಿನ ಮಿದುಳಾದ ಫ್ಲೈಟ್ ಕಂಟ್ರೋಲರ್ ಮತ್ತು ನಾಲ್ಕೂ ಮೋಟಾರಿನ ಇಎಸ್‌ಸಿ ಒಂದರ ಮೇಲೊಂದು ಕೂರುವ ಜೋಡಿಗೆ ಸ್ಟ್ಯಾಕ್ ಎನ್ನುತ್ತಾರೆ. ಎರಡನ್ನೂ ಒಂದೇ ಕಂಪನಿಯದು ಕೊಳ್ಳಿ. ನಡುವಿನ ಕೇಬಲ್‌ನ ಪಿನ್‌ಗಳ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ. ಪ್ಲಗ್ ಚೆನ್ನಾಗಿಯೇ ಕೂರುತ್ತದೆ. ಆದರೆ ಬ್ಯಾಟರಿಯ ವೋಲ್ಟೇಜ್ ಸಿಗ್ನಲ್ ಪಿನ್‌ಗೆ ಹೋದರೆ ಬೋರ್ಡ್ ಅಲ್ಲೇ ಮುಗಿಯಿತು. ಎಫ್405 ಅಥವಾ ಎಫ್7 ಚಿಪ್‌ನ ಫ್ಲೈಟ್ ಕಂಟ್ರೋಲರ್ ಬೋರ್ಡ್, 45 ಆಂಪಿಯರ್‌ನ ಇಎಸ್‌ಸಿ ಮೊದಲ ಡ್ರೋನಿಗೆ ಸಾಕು. ಬ್ಯಾಟರಿ ತಂತಿಗೆ ವೋಲ್ಟೇಜ್ ಏರಿಳಿತ ತಗ್ಗಿಸುವ ಒಂದು ಲೋ ಇಎಸ್‌ಆರ್ (ಒಳಗಿನ ರೋಧ ಕಡಿಮೆ ಇರುವ) ಕೆಪಾಸಿಟರ್ ಹಾಕುವುದನ್ನು ಮರೆಯಬೇಡಿ.

ಹಂತ 4: ಜೋಡಣೆ

ಮೋಟಾರ್ ಕೂರಿಸುವಾಗ ಸ್ಕ್ರೂ ಉದ್ದ ನೋಡಿ. ತೋಳು 5 ಮಿ.ಮೀ. ದಪ್ಪ ಇದ್ದರೆ 8 ಮಿ.ಮೀ. ಸ್ಕ್ರೂ ಸಾಕು. ಉದ್ದವಾದರೆ ತುದಿ ಒಳಗಿನ ತಾಮ್ರದ ಸುರುಳಿಗೆ ತಾಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಮೋಟಾರ್ ಬಿಗಿದ ಮೇಲೆ, ತಂತಿಗಳನ್ನು ಇಎಸ್‌ಸಿಗೆ ಬೆಸೆಯುವ ಮುಂಚೆ ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು, ಒಂದು ಕಡ್ಡಿ ಸ್ಕ್ರೂಗೆ, ಇನ್ನೊಂದು ಮೋಟಾರ್ ತಂತಿಗೆ ಮುಟ್ಟಿಸಿ. ಬೀಪ್ ಬಂದರೆ ಸ್ಕ್ರೂ ಬಿಚ್ಚಿ, ಗಿಡ್ಡದ್ದು ಹಾಕಿ.

ರಿಸೀವರಿಗೆ ನಾಲ್ಕೇ ತಂತಿ: 5 ವೋಲ್ಟ್, ಗ್ರೌಂಡ್, ಟಿಎಕ್ಸ್ (ಕಳಿಸುವುದು), ಆರ್‌ಎಕ್ಸ್ (ಪಡೆಯುವುದು). ರಿಸೀವರಿನ ಟಿಎಕ್ಸ್ ಬೋರ್ಡಿನ ಆರ್‌ಎಕ್ಸ್‌ಗೆ, ಆರ್‌ಎಕ್ಸ್ ಟಿಎಕ್ಸ್‌ಗೆ ಹೋಗಬೇಕು. ರೇಡಿಯೊ, ರಿಸೀವರ್ ಎರಡರ ಇಎಲ್‌ಆರ್‌ಎಸ್ ಆವೃತ್ತಿಯ ಮೊದಲ ಅಂಕಿ ಒಂದೇ ಇರಬೇಕು, 3ಕ್ಕೆ 3. ಇಲ್ಲದಿದ್ದರೆ ಎಷ್ಟು ತಿಣುಕಿದರೂ ಬೈಂಡ್ ಆಗುವುದಿಲ್ಲ, ಅಂದರೆ ಒಂದಕ್ಕೊಂದು ಜೋಡಿಯಾಗುವುದಿಲ್ಲ.

ಮೊದಲ ಸಲ ಬ್ಯಾಟರಿ ಜೋಡಿಸುವಾಗ ನಡುವೆ ಸ್ಮೋಕ್ ಸ್ಟಾಪರ್ ಇರಲಿ. ಎಲ್ಲಾದರೂ ಶಾರ್ಟ್ ಆಗಿದ್ದರೆ ಅದು ವಿದ್ಯುತ್ತನ್ನು ತಡೆಯುತ್ತದೆ. ಫ್ಲೈಟ್ ಕಂಟ್ರೋಲರಿನ ತಂತ್ರಾಂಶ ಬೀಟಾಫ್ಲೈಟ್‌ನಲ್ಲಿ ಮೋಟಾರ್ ತಿರುಗುವ ದಿಕ್ಕನ್ನು ಪ್ರೊಪೆಲ್ಲರ್ ಇಲ್ಲದೆಯೇ ನೋಡಿ. ಹಾಗೇ ರೇಡಿಯೊದಿಂದ ಮೋಟಾರ್ ತಿರುಗಿಸಿ, ತಿರುಗುತ್ತಿರುವಾಗಲೇ ರೇಡಿಯೊ ಆಫ್ ಮಾಡಿ. ತಾನಾಗಿ ನಿಂತರೆ ಫೇಲ್‌ಸೇಫ್, ಅಂದರೆ ಸಿಗ್ನಲ್ ಹೋದಾಗ ಕಾಪಾಡುವ ವ್ಯವಸ್ಥೆ, ಸರಿಯಿದೆ.

ಹಂತ 5: ಬ್ಯಾಟರಿ ಮತ್ತು ಕಾನೂನು

4ಎಸ್ 1500 ಎಂಎಎಚ್ ಬ್ಯಾಟರಿ ಎರಡಿರಲಿ. ಮೇಲೆ ಬರೆದ ‘ಸಿ’ ರೇಟಿಂಗನ್ನು, ಅಂದರೆ ಎಷ್ಟು ಕರೆಂಟ್ ಕೊಡಬಲ್ಲದು ಎಂಬ ಅಂಕಿಯನ್ನು, ಪೂರ್ತಿ ನಂಬಬೇಡಿ. ಸೆಲ್‌ಗಳನ್ನೆಲ್ಲ ಸಮನಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರ್ ಕಡ್ಡಾಯ. ಚಾರ್ಜಿಗೆ ಹಾಕಿ ಹೊರಗೆ ಹೋಗಬೇಡಿ. ಸೆಲ್ ಒಂದಕ್ಕೆ 3.5 ವೋಲ್ಟ್ ಬಂದಾಗ ಇಳಿಸಿ. ವಾರಗಟ್ಟಲೆ ಇಡುವುದಾದರೆ 3.8ಕ್ಕೆ ತನ್ನಿ.

5 ಇಂಚಿನ ಡ್ರೋನ್ ಬ್ಯಾಟರಿ ಸೇರಿದರೆ 250 ಗ್ರಾಂ ಸುಲಭವಾಗಿ ದಾಟುತ್ತದೆ. 2021ರ ಡ್ರೋನ್ ನಿಯಮಗಳ ಪ್ರಕಾರ ಅದು 2 ಕೆ.ಜಿ.ವರೆಗಿನ ಮೈಕ್ರೋ ವರ್ಗ. ವ್ಯಾಪಾರಕ್ಕಲ್ಲದೆ ಹಾರಿಸಲು ಪೈಲಟ್ ಲೈಸೆನ್ಸ್ ಬೇಡ. ನೋಂದಣಿಯ ನಿಯಮ ಓದಿಕೊಳ್ಳಿ, ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಮೈದಾನ ಮುಂಗಡ ಅನುಮತಿ ಬೇಡದ ಹಸಿರು ವಲಯದಲ್ಲಿದೆಯೇ ನೋಡಿ. ಬೆಂಗಳೂರಿನಲ್ಲಿ ವಿಮಾನ ನಿಲ್ದಾಣಗಳು ಒಂದಕ್ಕಿಂತ ಹೆಚ್ಚು. ಸುಮ್ನೆ ಖಾಲಿ ಜಾಗ ಅಂತ ಹಾರಿಸಬೇಡಿ.

ಕ್ಯಾಮೆರಾ, ಅದರ ದೃಶ್ಯ ತೋರಿಸುವ ಗಾಗಲ್ ಇವೆಲ್ಲ ಆಮೇಲೆ. ಆ ದುಡ್ಡಿನಲ್ಲಿ ಈಗ ನಾಲ್ಕೈದು ಸೆಟ್ ಪ್ರೊಪೆಲ್ಲರ್, ಒಂದು ಹೆಚ್ಚುವರಿ ಮೋಟಾರ್, ಫ್ರೇಮಿನ ಒಂದು ತೋಳು ತಂದಿಟ್ಟುಕೊಳ್ಳಿ. ಮೊದಲ ವಾರವೇ ಬೇಕಾಗುತ್ತವೆ.