ಹಳೇ ಮ್ಯಾಜಿಕ್ ಲ್ಯಾಂಟರ್ನ್, ಹಳೇ ರೀಲು ಸಿಕ್ಕರೆ ಮೊದಲು ಏನು ಮಾಡಬೇಕು

ಹಳೇ ಪೆಟ್ಟಿಗೆ ಒಂದು ಕೈಗೆ ಬಂತು, ಒಳಗೆ ತಗಡಿನ ಮ್ಯಾಜಿಕ್ ಲ್ಯಾಂಟರ್ನ್ (ಗಾಜಿನ ಸ್ಲೈಡಿನ ಚಿತ್ರವನ್ನು ದೀಪ, ಲೆನ್ಸ್‌ನಿಂದ ಗೋಡೆ ಮೇಲೆ ತೋರಿಸುವ ಹಳೇ ಯಂತ್ರ), ಒಂದಷ್ಟು ಗಾಜಿನ ಸ್ಲೈಡು, ತಳದಲ್ಲಿ ಎರಡು ಡಬ್ಬಿ ಫಿಲ್ಮ್ ಇದೆ ಅಂದುಕೊಳ್ಳಿ. ತಕ್ಷಣ ದೀಪ ಹಾಕಿ ಗೋಡೆ ಮೇಲೆ ನೋಡಿಬಿಡೋಣ ಅನಿಸುತ್ತದೆ, ಅಲ್ವಾ? ದಯವಿಟ್ಟು ಸ್ವಲ್ಪ ತಡೆಯಿರಿ. ಮೊದಲು ಡಬ್ಬಿ ನೋಡಿ, ಅಪಾಯ ಇರುವುದು ಅಲ್ಲಿ.

35 ಮಿಲಿಮೀಟರ್ ಅಗಲದ ಫಿಲ್ಮ್ 1950ರ ದಶಕದ ಆರಂಭದವರೆಗೂ ಹೆಚ್ಚಾಗಿ ನೈಟ್ರೇಟ್ ಎಂಬ, ಸುಲಭವಾಗಿ ಹೊತ್ತಿಕೊಳ್ಳುವ ಪ್ಲಾಸ್ಟಿಕ್‌ನದೇ. ಅದಕ್ಕೆ ಬೆಂಕಿ ಹತ್ತಿದರೆ ನೀರಲ್ಲಿ ಮುಳುಗಿಸಿದರೂ ಆರುವುದಿಲ್ಲ, ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುತ್ತದೆ. ಕೊಳೆತ ನೈಟ್ರೇಟ್ ರೀಲು ಬಹಳ ಹೊತ್ತು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿಯಲ್ಲಿದ್ದರೆ ತಾನಾಗಿಯೇ ಹೊತ್ತಿಕೊಳ್ಳಬಹುದು. 16 ಮಿಲಿಮೀಟರ್ (1923ರಲ್ಲಿ ಬಂತು), ನಡುವೆ ತೂತಿರುವ 9.5 ಮಿಲಿಮೀಟರ್, ಇವು ಸಾಮಾನ್ಯವಾಗಿ ಸೇಫ್ಟಿ ಫಿಲ್ಮ್, ಅಂದರೆ ಸುಲಭವಾಗಿ ಬೆಂಕಿ ಹತ್ತದ ಫಿಲ್ಮ್, ಅಷ್ಟು ಭಯ ಬೇಡ. ಅಂಚಿನಲ್ಲಿ 'ಸೇಫ್ಟಿ' ಅಥವಾ 'ನೈಟ್ರೇಟ್' ಎಂಬ ಇಂಗ್ಲಿಷ್ ಅಕ್ಷರ ಇದೆಯಾ ಹುಡುಕಿ. ಆದರೆ ಅದೊಂದನ್ನೇ ನಂಬಬೇಡಿ, ಪ್ರಿಂಟ್ ಹಾಕುವಾಗ ಮೂಲ ನೆಗೆಟಿವ್‌ನ ಅಂಚಿನ ಬರಹ ಹೊಸ ಫಿಲ್ಮ್‌ಗೂ ಬಂದುಬಿಡುತ್ತದೆ. ಚೂರು ಕತ್ತರಿಸಿ ಸುಟ್ಟು ನೋಡುವ 'ಪರೀಕ್ಷೆ' ಅಂತೂ ಖಂಡಿತ ಬೇಡ.

ಮೂಗೂ ಸಹಾಯ ಮಾಡುತ್ತದೆ. ವಿನೆಗರ್ ವಾಸನೆ ಬಂದರೆ ಅಸಿಟೇಟ್, ಅಂದರೆ ಸೇಫ್ಟಿ ಫಿಲ್ಮ್‌ನ ಪ್ಲಾಸ್ಟಿಕ್, ಹಾಳಾಗುತ್ತಿದೆ. ಫಿಲ್ಮ್ ಕಂದು ಬಣ್ಣಕ್ಕೆ ತಿರುಗಿ ಅಂಟಂಟಾಗಿದ್ದರೆ, ಮೇಲೆ ನೊರೆಯಂಥ ಗುಳ್ಳೆ ಎದ್ದಿದ್ದರೆ, ಡಬ್ಬಿಯ ಒಳಗೆ ತುಕ್ಕು ಹಿಡಿದಿದ್ದರೆ ಅದು ಕೊಳೆಯುತ್ತಿರುವ ನೈಟ್ರೇಟ್. ಬಿಚ್ಚಲು ಹೋಗಬೇಡಿ. ಬಿಸಿಲು, ಬೆಂಕಿ ಇಲ್ಲದ, ಗಾಳಿಯಾಡುವ ತಂಪು ಜಾಗದಲ್ಲಿಟ್ಟು ಹಳೇ ಫಿಲ್ಮ್ ಕಾಪಾಡುವ ಸಂಸ್ಥೆಗೆ (ಫಿಲ್ಮ್ ಆರ್ಕೈವ್) ಫೋನ್ ಮಾಡಿ. ಅಂಚೆಯಲ್ಲಿ ಕಳಿಸುವ ವಸ್ತು ಅಲ್ಲ ಅದು.

ಚೆನ್ನಾಗಿರುವ ಸೇಫ್ಟಿ ಫಿಲ್ಮನ್ನೂ ಸೀದಾ ಪ್ರೊಜೆಕ್ಟರ್‌ಗೆ ಹಾಕಬೇಡಿ. ವರ್ಷಗಳು ಕಳೆದಂತೆ ಫಿಲ್ಮ್ ಕುಗ್ಗುತ್ತದೆ. ಅದೇ ಅಗಲದ ಹೊಸ ಫಿಲ್ಮನ್ನು ಪಕ್ಕದಲ್ಲಿಟ್ಟು, ಮೊದಲ ತೂತು ಸರಿಹೊಂದಿಸಿ, ನೂರು ತೂತು ಎಣಿಸಿ. ಕೊನೆಗೆ ಒಂದು ತೂತಿನಷ್ಟು ವ್ಯತ್ಯಾಸ ಬಂದರೆ ಶೇಕಡಾ ಒಂದರಷ್ಟು ಕುಗ್ಗಿದೆ ಅಂತ ಅರ್ಥ, ಹಲ್ಲುಗಾಲಿಗೆ ಸಿಕ್ಕು ಹರಿಯುತ್ತದೆ. ಸ್ಕ್ಯಾನ್ ಮಾಡಿಸುವುದೇ ಮೇಲು. ಮೂಕಿ ಚಿತ್ರವಾದರೆ ಸೆಕೆಂಡಿಗೆ 16ರಿಂದ 20 ಫ್ರೇಮ್‌ನ ನಡುವೆ ನೋಡಿ. 24ರಲ್ಲಿ ಓಡಿಸಿದರೆ ನಡೆಯುವವರೆಲ್ಲ ಓಡುತ್ತಾರೆ.

ಈಗ ಸ್ಲೈಡುಗಳು, ನನಗೆ ಬಹಳ ಪ್ರೀತಿಯ ಭಾಗ. ಫೋಟೋ ಸ್ಲೈಡಿನಲ್ಲಿ ಸಾಮಾನ್ಯವಾಗಿ ಎರಡು ಗಾಜಿನ ನಡುವೆ ಚಿತ್ರ ಇರುತ್ತದೆ, ಸುತ್ತ ಕಪ್ಪು ಪೇಪರ್ ಪಟ್ಟಿ. ಹೊರಮೈಯನ್ನು ಶುದ್ಧ ನೀರಲ್ಲಿ ಬರೀ ತೇವ ಮಾಡಿದ ಮೆತ್ತನೆ ಬಟ್ಟೆಯಿಂದ ಒರೆಸಬಹುದು, ಪಟ್ಟಿಗೆ ತೇವ ತಾಗಬಾರದು. ಕೈಯಲ್ಲಿ ಬರೆದ ಸ್ಲೈಡು ಹಾಗಲ್ಲ. ಬೆಳಕಿಗೆ ಓರೆಯಾಗಿ ಹಿಡಿದರೆ ಒಂದು ಬದಿ ಹೊಳೆಯುತ್ತದೆ, ಇನ್ನೊಂದು ಬದಿಯಲ್ಲಿ ಬಣ್ಣ ಚೂರು ಉಬ್ಬಿದ ಹಾಗೆ, ಮಂಕಾಗಿ ಕಾಣುತ್ತದೆ. ಆ ಬದಿಯನ್ನು ಮುಟ್ಟಲೇಬೇಡಿ. ನಾನು ಒಮ್ಮೆ ಹತ್ತಿಯಿಂದ ಸುಮ್ನೆ ಒಂದು ಸಲ ಎಳೆದೆ, ಹತ್ತಿಯ ಮೇಲೆ ನೀಲಿ ಬಂತು, ಗಾಜಿನಲ್ಲಿ ಅರ್ಧ ಆಕಾಶ ಇರಲಿಲ್ಲ. ಇವತ್ತಿಗೂ ಬೇಜಾರಿದೆ.

ಲ್ಯಾಂಟರ್ನ್‌ನ ದೀಪದ ಗೂಡಿನಲ್ಲಿ ಬಿಳಿ ಬೂದು ನಾರಿನಂಥ ಪದರ ಕಂಡರೆ ಅದು ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಅದರ ಧೂಳು ಶ್ವಾಸಕೋಶಕ್ಕೆ ಅಪಾಯ, ಕೆರೆಯಬೇಡಿ. ಹಳೇ ವೈರಿಗೆ ಕರೆಂಟ್ ಕೊಡಬೇಡಿ. ಮೂಲ ದೀಪವನ್ನು ಹಾಗೇ ತೆಗೆದಿಟ್ಟು, ಅದರ ಜಾಗದಲ್ಲಿ ಚಿಕ್ಕ, ಪ್ರಖರ, ಹಳದಿ ಛಾಯೆಯ ಎಲ್‌ಇಡಿ ನಿಲ್ಲಿಸಿ. ತೂತು ಕೊರೆಯದೇ ಮಾಡಿ. ಹಾಲೊಜನ್ ಬಲ್ಬ್ ಜಾಸ್ತಿ ಕಾಯುತ್ತದೆ, ಗಾಜು ಬಿರುಕು ಬಿಡಬಹುದು, ಬಣ್ಣ ಕರಗಬಹುದು.

ಸ್ಲೈಡ್ ಹಾಕುವ ಮೊದಲು ಖಾಲಿ ಬೆಳಕಿನ ವೃತ್ತವನ್ನು ಸರಿ ಮಾಡಿಕೊಳ್ಳಿ. ಅಂಚು ಕಪ್ಪಾಗಿದ್ದರೆ, ಬಣ್ಣದ ಉಂಗುರ ಇದ್ದರೆ, ದೀಪವನ್ನು ಹಿಂದೆ ಮುಂದೆ, ಆಚೆ ಈಚೆ ಸರಿಸುತ್ತಾ ಹೋಗಿ, ವೃತ್ತ ಪೂರ್ತಿ ಸಮನಾಗಿ ಬೆಳಗುವ ತನಕ. ಇದಕ್ಕೆ ಹತ್ತು ನಿಮಿಷ ಹೋದರೂ ಪರವಾಗಿಲ್ಲ. ಆಮೇಲೆ ಲ್ಯಾಂಟರ್ನ್ ಹಿಂದೆ ಪರದೆಗೆ ಮುಖ ಮಾಡಿ ನಿಂತು, ಸ್ಲೈಡನ್ನು ಕಣ್ಣಿಗೆ ಸರಿಯಾಗಿ ಕಾಣುವಂತೆ ಹಿಡಿಯಿರಿ, ಮಗುಚದೆ ಹಾಗೇ ತಿರುಗಿಸಿ ತಲೆಕೆಳಗಾಗಿ ಒಳಗೆ ತಳ್ಳಿ. ತಲೆಕೆಳಗಾದ ಚಿತ್ರವನ್ನು ಲೆನ್ಸ್ ನೇರ ಮಾಡುತ್ತದೆ. ಸ್ಲೈಡಿನ ಅಂಚಿನಲ್ಲಿ ಬಿಳಿ ಚುಕ್ಕೆ ಅಂಟಿಸಿದ್ದರೆ ಅದು ಕಸ ಅಲ್ಲ, ಹೇಗೆ ಹಾಕಬೇಕು ಅಂತ ಹಿಂದಿನ ಆಪರೇಟರ್ ಮಾಡಿಕೊಂಡ ಗುರುತು. ಕೀಳಬೇಡಿ. ಮುಗಿದ ಮೇಲೆ ಸ್ಲೈಡುಗಳನ್ನು ಒಂದರ ಮೇಲೊಂದು ಪೇರಿಸದೆ, ಪೆಟ್ಟಿಗೆಯಲ್ಲಿ ಅಂಚಿನ ಮೇಲೆ ನಿಲ್ಲಿಸಿ, ಸಿಕ್ಕಿದ ಅನುಕ್ರಮದಲ್ಲೇ.