‘ಸೊಪ್ಪು ಅಷ್ಟೆ ಕಣವ್ವ’ ಅನ್ನುವವರಿಗೆ ನಾನು ಕೇಳುವ ಪ್ರಶ್ನೆಗಳು

ಮಂಡ್ಯದಲ್ಲಿ ನನ್ನದೊಂದು ಸಣ್ಣ ಆಯುರ್ವೇದ ಕ್ಲಿನಿಕ್ ಇದೆ. ಮದ್ದೂರು, ಪಾಂಡವಪುರ, ಶ್ರೀರಂಗಪಟ್ಟಣದ ಕಡೆಯಿಂದಲೂ ಜನ ಬರುತ್ತಾರೆ. ಗಿಡಮೂಲಿಕೆಗೆ ಸೈಡ್ ಎಫೆಕ್ಟ್ ಇರಲ್ಲ ಅಂತ ನಂಬಿಕೊಂಡೇ ಬಹಳಷ್ಟು ಜನ ಬರುವುದು. ನಾನು ಇದನ್ನು ಒಪ್ಪುವುದಿಲ್ಲ. ಸಕ್ಕರೆ ಇಳಿಸುವ ಎಲೆ ಸಕ್ಕರೆಯನ್ನು ಬೇಕಾದ್ದಕ್ಕಿಂತ ಜಾಸ್ತಿಯೂ ಇಳಿಸಬಹುದು, ಅಲ್ವಾ? ಆಯುರ್ವೇದ ನನ್ನ ಕಸುಬು, ಅದರ ಮೇಲೆ ನನಗೆ ಪ್ರೀತಿ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಪ್ರಶ್ನೆ ಕೇಳುವ ರೀತಿ ಹೇಳುತ್ತೇನೆ. ‘ಬೇರೆ ಔಷಧಿ ತಗೋತಿದ್ದೀರಾ?’ ಅಂತ ಕೇಳಿದರೆ ‘ಇಲ್ಲ’ ಅನ್ನುತ್ತಾರೆ. ಸುಳ್ಳು ಹೇಳುವುದಿಲ್ಲ ಅವರು, ಕಷಾಯ ಅವರ ಲೆಕ್ಕದಲ್ಲಿ ಔಷಧಿ ಅಲ್ಲ, ಅಷ್ಟೆ. ಹಾಗಾಗಿ ನಾನು ‘ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಏನು ಕುಡೀತೀರಿ?’ ಅಂತ ಶುರು ಮಾಡುತ್ತೇನೆ. ಆಮೇಲೆ ರಾತ್ರಿ ಮಲಗುವಾಗ ಏನು, ಮಂಡಿಗೆ ಏನು ಹಚ್ಚುತ್ತೀರಿ, ಯಾರಾದರೂ ಪುಡಿ ಕೊಟ್ಟಿದ್ದಾರಾ, ಮೊಬೈಲ್‌ನಲ್ಲಿ ನೋಡಿ ಏನಾದರೂ ಮಾಡಿಕೊಂಡಿರಾ. ಆಗ ಒಂದೊಂದೇ ಹೊರಗೆ ಬರುತ್ತದೆ. ‘ಅದೇನ್ ಔಸ್ದಿನಾ ಕಣವ್ವ, ಹಿತ್ತಲ ಸೊಪ್ಪು ಅಷ್ಟೆ’ ಅನ್ನುವ ಮಾತಿನ ಜೊತೆಗೇ ಬರುತ್ತದೆ. ಮುಂದಿನ ಸಲ ಬರುವಾಗ ಮನೆಯಲ್ಲಿರುವ ಮಾತ್ರೆ, ಪುಡಿ, ಎಣ್ಣೆ, ಬೇರು ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ ಅನ್ನುತ್ತೇನೆ. ಆ ಚೀಲ ನೋಡಿದ ಮೇಲೆಯೇ ನನ್ನ ಚೀಟಿ.

ಪಾಂಡವಪುರದ ಕಡೆಯ ರೈತರೊಬ್ಬರಿಗೆ ಕಬ್ಬಿನ ಗದ್ದೆಯಲ್ಲಿ ಪದೇ ಪದೇ ಬೆವರು, ಕೈ ನಡುಕ, ಕಣ್ಣು ಕತ್ತಲೆ ಬರುತ್ತಿತ್ತು. ಬಿಸಿಲಿಗೆ ಅಂತ ಅಂದುಕೊಂಡಿದ್ದರು. ಕ್ಲಿನಿಕ್‌ನಲ್ಲೇ ಹಾಗಾಯಿತು, ಗ್ಲೂಕೋಮೀಟರ್ ಇಟ್ಟು ನೋಡಿದೆ. ರಕ್ತದ ಸಕ್ಕರೆ 70 mg/dLಗಿಂತ ಕೆಳಗಿದ್ದರೆ ಲೋ ಶುಗರ್, ಇವರದ್ದು ಅದಕ್ಕಿಂತ ಎಷ್ಟೋ ಕೆಳಗಿತ್ತು. ಮೊದಲು ಸಕ್ಕರೆ ನೀರು ಕುಡಿಸಿದೆ. ಚೀಲ ತರಿಸಿದಾಗ ಗೊತ್ತಾಯಿತು: ಸಕ್ಕರೆ ಕಾಯಿಲೆಗೆ ಡಾಕ್ಟರ್ ಬರೆದ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಮಾತ್ರೆಗಳ ಜೊತೆಗೆ ಮಧುನಾಶಿನಿ ಪುಡಿ, ಬೆಳಿಗ್ಗೆ ಹಾಗಲಕಾಯಿ ರಸ, ರಾತ್ರಿ ನೆನೆಸಿದ ಮೆಂತ್ಯ. ಒಂದೊಂದೂ ಸಕ್ಕರೆ ಇಳಿಸುವಂಥದ್ದೇ. ಎಲ್ಲ ಸೇರಿ, ಅದರ ಮೇಲೆ ಊಟ ತಡವಾದರೆ ಇನ್ನೇನಾಗಬೇಕು? ನಾನು ಇಂಗ್ಲಿಷ್ ಮಾತ್ರೆ ನಿಲ್ಲಿಸಿ ಅನ್ನಲಿಲ್ಲ, ಯಾರಿಗೂ ಹಾಗೆ ಅನ್ನುವುದಿಲ್ಲ. ಪುಡಿ, ರಸ ಎರಡನ್ನೂ ನಿಲ್ಲಿಸಿದೆ, ಅವರ ಡಾಕ್ಟರಿಗೆ ಒಂದು ಚೀಟಿ ಬರೆದು ಕಳಿಸಿದೆ. ಮೆಂತ್ಯ ಸಾರಿಗೆ, ಪಲ್ಯಕ್ಕೆ ಎಷ್ಟು ಬೇಕೋ ಅಷ್ಟು ಸಾಕು.

ರಸದ ವಿಷಯ ಬಂತು ಅಂತ ಹೇಳುತ್ತೇನೆ, ಸೋರೆಕಾಯಿ ರಸ ಕಹಿಯಾಗಿದ್ದರೆ ಒಂದು ಗುಟುಕನ್ನೂ ನುಂಗಬೇಡಿ. 2010ರಲ್ಲಿ ದೆಹಲಿಯಲ್ಲಿ ಅಂಥ ರಸ ಕುಡಿದವರೊಬ್ಬರು ಪ್ರಾಣ ಕಳೆದುಕೊಂಡರು. ಕಹಿಗೆ ಕಾರಣ ಕುಕುರ್ಬಿಟಾಸಿನ್ ಅನ್ನುವ ವಿಷ. ‘ಕಹಿ ಇದ್ದಷ್ಟೂ ಒಳ್ಳೆಯದು’ ಅಂತ ಕಣ್ಣು ಮುಚ್ಚಿ ಕುಡಿಯುವವರು ನಮ್ಮಲ್ಲಿ ಈಗಲೂ ಇದ್ದಾರೆ.

ಜೇಷ್ಠಮಧುವಿನದು ಬೇರೆ ಕಥೆ. ಗಂಟಲಿಗೆ ಒಳ್ಳೆಯದು ಅಂತ ಮೈಸೂರಿನಿಂದ ಬರುವ ಸಂಗೀತದ ಮೇಷ್ಟರೊಬ್ಬರು ದಿನವಿಡೀ ಅದರ ಕಡ್ಡಿ ಅಗಿಯುತ್ತಿದ್ದರು. ಬಿಪಿ ಮಾತ್ರೆ ಸರಿಯಾಗಿ ತೆಗೆದುಕೊಂಡರೂ ಬಿಪಿ ಇಳಿಯುತ್ತಿರಲಿಲ್ಲ, ಕಾಲು ಊದಿಕೊಳ್ಳುತ್ತಿತ್ತು. ಆ ಕಡ್ಡಿಯಲ್ಲಿರುವ ಗ್ಲಿಸಿರೈಜಿನ್ ಅನ್ನುವ ಅಂಶ ದೇಹದಲ್ಲಿ ಉಪ್ಪು, ನೀರು ಹಿಡಿದಿಡುತ್ತದೆ, ಪೊಟ್ಯಾಸಿಯಂ ಕಳೆಯುತ್ತದೆ. ಮೂತ್ರ ಹೋಗಲು ಮಾತ್ರೆ ತೆಗೆದುಕೊಳ್ಳುವವರಿಗೆ, ಹೃದಯಕ್ಕೆ ಡಿಗಾಕ್ಸಿನ್ ತೆಗೆದುಕೊಳ್ಳುವವರಿಗೆ ಇದು ಇನ್ನೂ ಅಪಾಯ. ಕಡ್ಡಿ ಬಿಡಿಸಿದೆ, ನಿಧಾನವಾಗಿ ಕಾಲಿನ ಊತ ಇಳಿಯಿತು.

ಅಮೃತಬಳ್ಳಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಕೊರೊನಾ ಸಮಯದಲ್ಲಿ ನಮ್ಮ ಕಡೆ ಬೇಲಿ ಮೇಲಿನ ಬಳ್ಳಿಯೆಲ್ಲ ಖಾಲಿಯಾಗಿತ್ತು. 2021ರಲ್ಲಿ ಮುಂಬೈ ವೈದ್ಯರು ಇದನ್ನು ತಿಂದ ಆರು ಜನರಲ್ಲಿ ಲಿವರ್ ತೊಂದರೆ ಕಂಡಿದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅದೇ ಜಾತಿಯ ಬೇರೆ ಬಳ್ಳಿ ಇರಬಹುದು ಅಂದಿತು. ಆ ಇನ್ನೊಂದು ಬಳ್ಳಿಯ ಕಾಂಡದ ಮೇಲೆ ಮೊಡವೆಯಂಥ ಉಬ್ಬು ಜಾಸ್ತಿ. ಗಿಡದಲ್ಲಿದ್ದಾಗ ಗುರುತು ಹಿಡಿಯಬಹುದು, ಗ್ರಂಧಿಗೆ ಅಂಗಡಿಯ ಒಣ ತುಂಡಿನಲ್ಲಿ, ಪುಡಿಯಲ್ಲಿ ಹೇಗೆ ಹಿಡಿಯುವುದು? ವಾದ ಏನೇ ಇರಲಿ, ನಾನು ನನ್ನ ಪದ್ಧತಿ ಬಿಗಿ ಮಾಡಿಕೊಂಡೆ. ಲಿವರ್ ತೊಂದರೆ ಇರುವವರಿಗೆ, ದೇಹವೇ ದೇಹದ ಮೇಲೆ ದಾಳಿ ಮಾಡುವ ಕಾಯಿಲೆ ಇರುವವರಿಗೆ ಅಮೃತಬಳ್ಳಿ ಕೊಡುವುದಿಲ್ಲ. ಬೇರೆಯವರಿಗೂ ಬಹಳ ದಿನ ಕೊಡಬೇಕಾದರೆ ಮೊದಲೇ ಲಿವರ್ ಟೆಸ್ಟ್ ಮಾಡಿಸಿ, ನಡುವೆ ಇನ್ನೊಮ್ಮೆ ಮಾಡಿಸುತ್ತೇನೆ. ‘ಸೊಪ್ಪಿಗೂ ರಕ್ತ ಪರೀಕ್ಷೆನಾ?’ ಅನ್ನುತ್ತಾರೆ. ಹೌದು, ಸೊಪ್ಪಿಗೂ.

ಅಶ್ವಗಂಧವನ್ನು ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಸುಮ್ನೆ ಶುರು ಮಾಡಬೇಡಿ. ಈಶ್ವರಿ ಬೇರನ್ನು ನಾನು ಯಾರಿಗೂ ಕೊಡುವುದಿಲ್ಲ. ಅದರ ಜಾತಿಯ ಗಿಡಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿ ಹಾಳು ಮಾಡುತ್ತದೆ, ಮೂತ್ರನಾಳದ ಕ್ಯಾನ್ಸರಿಗೂ ಕಾರಣ. 1990ರ ದಶಕದ ಶುರುವಿನಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಕೊಟ್ಟ ಪುಡಿಯಲ್ಲಿ ಇಂಥದೇ ಗಿಡ ಸೇರಿಹೋಗಿ ಎಷ್ಟೋ ಹೆಂಗಸರ ಕಿಡ್ನಿ ಹೋಯಿತು. ಇನ್ನು ಎಳೆ ಮಗುವಿಗೆ ಬಜೆ ತೇಯ್ದು ನೆಕ್ಕಿಸುವುದು. ಇದನ್ನು ಅಜ್ಜಿಯರ ಮುಂದೆ ಹೇಳುವುದು ಕಷ್ಟ, ಅವರು ತಮ್ಮ ಮಕ್ಕಳನ್ನೆಲ್ಲ ಹಾಗೇ ಬೆಳೆಸಿದವರು. ಆದರೆ ಬಜೆಯಲ್ಲಿರುವ ಬೀಟಾ ಅಸರೋನ್ ಅನ್ನುವ ಹಾನಿಕರ ಅಂಶದ ಕಾರಣಕ್ಕೆ ಅಮೆರಿಕದಲ್ಲಿ 1968ರಲ್ಲೇ ಅದನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿದರು. ‘ಅವ್ವ, ಮಗುವಿನ ತೊಟ್ಟಿಲಿಗೆ ಕಟ್ಟಿ, ಬಾಯಿಗೆ ಬೇಡ’ ಅನ್ನುತ್ತೇನೆ. ಬಹಳಷ್ಟು ಜನ ಕೇಳುತ್ತಾರೆ.

ನನಗೆ ತುಂಬ ಭಯ ಹುಟ್ಟಿಸುವುದು ಮಂಡಿನೋವಿನ ಪುಡಿ. ಹೆಸರಿಲ್ಲದ ಪೊಟ್ಟಣ, ಎರಡೇ ದಿನಕ್ಕೆ ನೋವು ಮಾಯ. ಯಾವ ಬೇರೂ ಇಷ್ಟು ಬೇಗ ಕೆಲಸ ಮಾಡುವುದಿಲ್ಲ. ಇಂಥ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿರುವುದು ಹೊಸದೇನಲ್ಲ. ಮುಖ ಗುಂಡಗಾಗಿ ಊದಿಕೊಳ್ಳುತ್ತದೆ, ಹಸಿವು ಹೆಚ್ಚುತ್ತದೆ, ಸಕ್ಕರೆ ಮತ್ತು ಬಿಪಿ ಏರುತ್ತದೆ. ಇಲ್ಲಿ ಒಂದು ಎಚ್ಚರಿಕೆ: ತಿಂಗಳುಗಟ್ಟಲೆ ತಿಂದಿದ್ದರೆ ಹೆದರಿ ಒಮ್ಮೆಲೇ ನಿಲ್ಲಿಸಬೇಡಿ, ಪ್ರಾಣಕ್ಕೇ ತೊಂದರೆ ಆಗಬಹುದು. ಪೊಟ್ಟಣದ ಸಮೇತ ಫಿಸಿಷಿಯನ್ ಹತ್ತಿರ ಹೋಗಿ, ಅವರು ನಿಧಾನವಾಗಿ ಇಳಿಸುತ್ತಾರೆ. ನಾನು ಇಂಥವರನ್ನು ನನ್ನಲ್ಲಿ ಇಟ್ಟುಕೊಳ್ಳದೆ ಅಲ್ಲಿಗೇ ಕಳಿಸುತ್ತೇನೆ.

ಕೊಳ್ಳುವಾಗ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಏನೇನು ಹಾಕಿದ್ದಾರೆ ಅನ್ನುವ ಪಟ್ಟಿ ನೋಡಿ. ವತ್ಸನಾಭ, ದತ್ತೂರ, ಪಾದರಸ, ಇಂಥ ವಿಷದ ವಸ್ತುಗಳು ಇರುವ ಆಯುರ್ವೇದ ಔಷಧಿಯ ಮೇಲೆ ವೈದ್ಯರ ಉಸ್ತುವಾರಿಯಲ್ಲೇ ತೆಗೆದುಕೊಳ್ಳಬೇಕು ಅನ್ನುವ ಎಚ್ಚರಿಕೆ ಅಚ್ಚಾಗಿರಬೇಕು ಅಂತ ಕಾನೂನೇ ಇದೆ. ಅದು ಇಂಗ್ಲಿಷ್, ಹಿಂದಿಯಲ್ಲಿ ಇರುತ್ತದೆ, ಹಾಗಾಗಿ ನಾನೇ ಓದಿ ಕನ್ನಡದಲ್ಲಿ ಹೇಳುತ್ತೇನೆ. ಅರಿಷ್ಟಗಳಲ್ಲಿ, ಅಂದರೆ ಹುಳಿಯಿಟ್ಟು ಮಾಡುವ ದ್ರವ ಔಷಧಿಗಳಲ್ಲಿ, ಬೆಲ್ಲವೂ ಇದೆ, ತಾನೇ ಹುಟ್ಟಿದ ಆಲ್ಕೋಹಾಲೂ ಇದೆ. ಸಕ್ಕರೆ ಕಾಯಿಲೆಯವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಆಪರೇಷನ್ ಇದ್ದರೆ ಎರಡು ವಾರ ಮೊದಲೇ ಬೆಳ್ಳುಳ್ಳಿ, ಅರಿಶಿನದ ಕ್ಯಾಪ್ಸೂಲ್‌ಗಳ ವಿಷಯ ಸರ್ಜನ್‌ಗೆ ಹೇಳಿ, ರಕ್ತಸ್ರಾವ ಜಾಸ್ತಿ ಆಗಬಹುದು. ಅಡುಗೆಯಲ್ಲಿ ಹಾಕುವುದಕ್ಕೆ ಹೆದರಬೇಕಿಲ್ಲ.

ಯಾವುದೇ ಮೂಲಿಕೆ ಶುರು ಮಾಡಿದ ಮೇಲೆ ಮೈ ತುರಿಕೆ, ಕಣ್ಣು ಹಳದಿ, ಮೂತ್ರ ಗಾಢ ಬಣ್ಣ, ವಾಂತಿ, ಇವುಗಳಲ್ಲಿ ಏನೇ ಕಂಡರೂ ಅದನ್ನು ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಉಳಿದ ಪುಡಿಯನ್ನು ಬಿಸಾಡಬೇಡಿ, ಪರೀಕ್ಷೆ ಮಾಡಿಸಲು ಅದೇ ಬೇಕು. ಔಷಧಿಯಿಂದ ಆದ ತೊಂದರೆಯನ್ನು ವರದಿ ಮಾಡಲು 1800-180-3024 ಅನ್ನುವ ಉಚಿತ ಸಹಾಯವಾಣಿ ಇದೆ. ರೋಗಿಯೇ ಫೋನ್ ಮಾಡಬಹುದು. ಮಾಡುವಾಗ ಪ್ಯಾಕೆಟ್ ಕೈಯಲ್ಲಿರಲಿ, ಬ್ಯಾಚ್ ನಂಬರ್ ಕೇಳುತ್ತಾರೆ.